ಮುಂದಿನ ಗೋವಾ ಟ್ರಯಥ್ಲಾನ್ ಗುರಿಯೇ? ಆಫ್ ಸೀಸನ್ ತಯಾರಿ ಹೀಗಿರಲಿ

ಗೋವಾದಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್ ಸ್ಪರ್ಧೆಗೆ ಕರ್ನಾಟಕದಿಂದಲೂ ಉತ್ಸಾಹಿಗಳು ಹೋಗುತ್ತಾರೆ. ಪಣಜಿಯ ಮೀರಾಮಾರ್ ಕಡಲಲ್ಲಿ 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ. ಸ್ಪರ್ಧೆ ನಡೆಯುವುದು ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ. ಅದು ಮುಗಿದ ಮೇಲೆ ಫೆಬ್ರುವರಿವರೆಗಿನ ದಿನಗಳೇ ನಮ್ಮ ಆಫ್ ಸೀಸನ್.

ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಸಿಗುವುದಿಲ್ಲ. ಮಳೆ ನಿಂತಿರುತ್ತದೆ, ರಸ್ತೆ ಒಣಗಿರುತ್ತದೆ, ಬೆಳಿಗ್ಗೆ ಹಿತವಾದ ಚಳಿ. ಆದರೆ ಕೆಲವರು ಸೈಕಲ್ಲಿಗೆ ಕವರ್ ಹಾಕಿಟ್ಟು ಮೇ ತಿಂಗಳವರೆಗೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಇನ್ನು ಕೆಲವರು ದಿನಾ ಬೆವರು ಹರಿಸುತ್ತಾರೆ, ಆದರೆ ಮುಂದೆ ಹೋಗುತ್ತಿದ್ದೇವಾ ಇಲ್ವಾ ಅಂತ ಅವರಿಗೇ ತಿಳಿಯುವುದಿಲ್ಲ. ಆಫ್ ಸೀಸನ್ನಿನಲ್ಲಿ ಕಿಲೋಮೀಟರ್ ಲೆಕ್ಕ ನೋಡಬೇಡಿ. ಅಷ್ಟೇ ಶ್ರಮಕ್ಕೆ ವೇಗ ಹೆಚ್ಚಾಗಿದೆಯಾ, ಅದನ್ನು ನೋಡಿ. ಅದಕ್ಕೆ ಮೂರು ಸರಳ ಪರೀಕ್ಷೆಗಳು ಸಾಕು.

ಮೊದಲು ವಿಶ್ರಾಂತಿ

ಸ್ಪರ್ಧೆ ಮುಗಿದ ಮೇಲೆ ಎರಡು ಮೂರು ವಾರ ವಾಚು, ಪ್ಲಾನು ಎಲ್ಲ ಬದಿಗಿಡಿ. ನಡೆಯಿರಿ, ಮಕ್ಕಳ ಜೊತೆ ಶಟಲ್ ಆಡಿ, ಚೆನ್ನಾಗಿ ನಿದ್ದೆ ಮಾಡಿ. ಒಂದಿಷ್ಟು ದಮ್ಮು ಕಡಿಮೆಯಾಗುತ್ತದೆ, ಹೆದರಬೇಡಿ. ಬೇಗ ವಾಪಸ್ ಬರುತ್ತದೆ. ಮಂಡಿ, ಹಿಮ್ಮಡಿ, ಭುಜ ಎಲ್ಲಾದರೂ ನೋವು ಉಳಿದಿದ್ದರೆ ಫಿಸಿಯೋ ಹತ್ತಿರ ಹೋಗಲು ಇದೇ ಸಮಯ. ಮೊದಲ ಸಲ ಈ ಕಡೆ ಬರುತ್ತಿರುವ ನಲವತ್ತು ದಾಟಿದವರು ಹೃದಯದ ತಪಾಸಣೆಯನ್ನೂ ಈಗಲೇ ಮುಗಿಸಿಕೊಳ್ಳಿ.

ಈಜಿಗೆ ಜಾಸ್ತಿ ಸಮಯ ಕೊಡಿ

ಓಟ ಅಥವಾ ಸೈಕಲ್‌ನಿಂದ ಟ್ರಯಥ್ಲಾನ್‌ಗೆ ಬಂದು, ಮೂವತ್ತು ದಾಟಿದ ಮೇಲೆ ಫ್ರೀಸ್ಟೈಲ್ ಈಜು ಕಲಿತವರು ನಮ್ಮಲ್ಲಿ ತುಂಬಾ ಜನ. ಇವರಿಗೆ ಈ ನಾಲ್ಕು ತಿಂಗಳಲ್ಲಿ ಅತಿ ಹೆಚ್ಚು ಲಾಭ ಕೊಡುವುದು ಈಜೇ. ನೀರಿನಲ್ಲಿ ತೋಳಿನ ಬಲಕ್ಕಿಂತ ದೇಹ ಮಲಗಿರುವ ರೀತಿ ಮುಖ್ಯ. ಉಸಿರಿಗಾಗಿ ತಲೆ ಎತ್ತಿದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಆಗ ನಿಮ್ಮ ದೇಹವೇ ನೀರಿಗೆ ಅಡ್ಡ ನಿಲ್ಲುತ್ತದೆ. ಎಷ್ಟು ಕೈ ಬೀಸಿದರೂ ಮುಂದೆ ಹೋಗುವುದಿಲ್ಲ.

ಹಾಗಾಗಿ ಮೊದಲ ತಿಂಗಳು ವೇಗದ ಯೋಚನೆಯೇ ಬೇಡ. ಮುಖ ನೀರಿನಲ್ಲಿರುವಾಗಲೇ ಉಸಿರನ್ನು ನಿಧಾನವಾಗಿ ಬಿಡಿ. ತಲೆಯನ್ನು ಮೇಲೆತ್ತದೆ ದೇಹದ ಜೊತೆ ಪಕ್ಕಕ್ಕೆ ತಿರುಗಿಸಿ ಉಸಿರೆಳೆಯಿರಿ. ಮಂಡಿ ಮಡಚಿ ಒದೆಯುವುದನ್ನು ಬಿಟ್ಟು ಸೊಂಟದಿಂದ ಕಾಲು ಆಡಿಸಿ. ಭಾನುವಾರ ಒಂದೇ ಸಲ ಎರಡು ಗಂಟೆ ಈಜುವುದಕ್ಕಿಂತ ವಾರಕ್ಕೆ ಮೂರು ನಾಲ್ಕು ದಿನ ನಲವತ್ತು ನಿಮಿಷ ಈಜುವುದು ಒಳ್ಳೆಯದು. ಮೈ ದಣಿದ ಮೇಲೆ ತಪ್ಪು ಶೈಲಿಯೇ ಅಭ್ಯಾಸವಾಗಿಬಿಡುತ್ತದೆ. ಸಾಧ್ಯವಾದರೆ ಕೋಚ್ ಒಬ್ಬರ ಹತ್ತಿರ ಕೆಲವು ಪಾಠ ಹೇಳಿಸಿಕೊಳ್ಳಿ. ಸೈಕಲ್ಲಿಗೆ ದುಬಾರಿ ಚಕ್ರ ಕೊಳ್ಳುವ ದುಡ್ಡಿನಲ್ಲಿ ಒಂದು ಭಾಗ ಇಲ್ಲಿ ಹಾಕಿದರೆ ಗೋವಾದಲ್ಲಿ ಅದಕ್ಕಿಂತ ಹೆಚ್ಚು ಸಮಯ ಉಳಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನಲ್ಲಿ ಡಿಸೆಂಬರ್ ಮುಂಜಾನೆ ಬಯಲು ಪೂಲ್‌ಗಳ ನೀರು ಕೊರೆಯುತ್ತದೆ. ಸಂಜೆಯ ಬ್ಯಾಚ್ ಸಿಕ್ಕರೆ ಆಗಲೇ ಹೋಗಿ.

ಪರೀಕ್ಷೆ ಹೀಗೆ. ಚೆನ್ನಾಗಿ ವಾರ್ಮ್ ಅಪ್ ಮಾಡಿ 400 ಮೀಟರನ್ನು ನಿಮ್ಮ ಪೂರ್ತಿ ಶಕ್ತಿ ಹಾಕಿ ಈಜಿ. ಸುಧಾರಿಸಿಕೊಂಡು 200 ಮೀಟರನ್ನೂ ಹಾಗೇ ಈಜಿ. ಮೊದಲ ಸಮಯದಲ್ಲಿ ಎರಡನೆಯದನ್ನು ಕಳೆದು, ಬಂದದ್ದನ್ನು ಎರಡರಿಂದ ಭಾಗಿಸಿ. ಉದಾಹರಣೆಗೆ, 400 ಮೀಟರ್‌ಗೆ 10 ನಿಮಿಷ, 200 ಮೀಟರ್‌ಗೆ 4 ನಿಮಿಷ 40 ಸೆಕೆಂಡ್ ಆಯಿತು ಅಂದುಕೊಳ್ಳಿ. ವ್ಯತ್ಯಾಸ 320 ಸೆಕೆಂಡ್, ಅದರ ಅರ್ಧ 160. ಅಂದರೆ 100 ಮೀಟರ್‌ಗೆ 2 ನಿಮಿಷ 40 ಸೆಕೆಂಡ್. ಇದು ಸರಿಸುಮಾರು ನೀವು ಬಹಳ ಹೊತ್ತು ಕಾಯ್ದುಕೊಳ್ಳಬಲ್ಲ ವೇಗದ ಮಿತಿ. ಇದೇ ವೇಗ ಉಳಿದರೆ 1.9 ಕಿ.ಮೀ.ಗೆ ಸುಮಾರು 51 ನಿಮಿಷ. ಸ್ಪರ್ಧೆಯಲ್ಲಿ ಈಜಿಗೆ ಇರುವ ಗಡುವು 70 ನಿಮಿಷ, ಅಂದರೆ 100 ಮೀಟರ್‌ಗೆ ಹತ್ತಿರ ಹತ್ತಿರ 3 ನಿಮಿಷ 40 ಸೆಕೆಂಡ್. ಅಲೆ, ಗುಂಪು, ದಾರಿ ತಪ್ಪಿ ಈಜುವ ದೂರ ಎಲ್ಲ ಸೇರಿದರೆ ಪೂಲ್‌ನ ವೇಗ ಕಡಲಲ್ಲಿ ಸಿಗುವುದಿಲ್ಲ. ಅದಕ್ಕೇ ಕೈಯಲ್ಲಿ ಸ್ವಲ್ಪ ಸಮಯ ಮಿಕ್ಕಿರಬೇಕು. ಈ ಪರೀಕ್ಷೆಯನ್ನು ಆರು ವಾರಕ್ಕೊಮ್ಮೆ ಮಾಡಿ. ನಡುವೆ ಒಂದು ಲ್ಯಾಪ್‌ಗೆ ಎಷ್ಟು ಸಲ ಕೈ ಬೀಸಿದಿರಿ ಎಂದು ಎಣಿಸುತ್ತಿರಿ. ಸಮಯ ಅಷ್ಟೇ ಇದ್ದು ಎಣಿಕೆ ಇಳಿದರೂ ಅದು ಪ್ರಗತಿಯೇ.

ಓಟದಲ್ಲಿ ನಿಧಾನವೇ ಒಳ್ಳೆಯದು

ಬಹುಪಾಲು ಓಟ ಮಾತಾಡಿಕೊಂಡು ಓಡುವಷ್ಟು ಹಗುರವಾಗಿರಲಿ. ಎದೆಬಡಿತದ ಮಿತಿಗೆ ಒಂದು ಸುಲಭ ಲೆಕ್ಕ ಇದೆ: 180ರಲ್ಲಿ ನಿಮ್ಮ ವಯಸ್ಸು ಕಳೆಯಿರಿ. ನಲವತ್ತು ವರ್ಷದವರಿಗೆ ನಿಮಿಷಕ್ಕೆ 140. ಎಲ್ಲರಿಗೂ ಕರಾರುವಾಕ್ಕಾಗಿ ಹೊಂದುವ ಲೆಕ್ಕವಲ್ಲ, ಶುರು ಮಾಡಲು ಸಾಕು. ಈ ಬಡಿತ ದಾಟದಂತೆ ತಿಂಗಳಿಗೊಮ್ಮೆ 45 ನಿಮಿಷ ಓಡಿ, ಎಷ್ಟು ದೂರ ಹೋದಿರಿ ಎಂದು ಬರೆದಿಡಿ. ಮೊದಮೊದಲು ಈ ಮಿತಿಯಲ್ಲಿ ಉಳಿಯಲು ಅಲ್ಲಲ್ಲಿ ನಡೆಯಬೇಕಾಗಬಹುದು. ನಡೆಯಿರಿ, ಪರವಾಗಿಲ್ಲ.

ಜಾಗ, ಹೊತ್ತು ಎರಡೂ ಬದಲಾಗಬಾರದು. ಕಬ್ಬನ್ ಪಾರ್ಕ್ ಆದರೆ ಪ್ರತಿ ಸಲವೂ ಕಬ್ಬನ್ ಪಾರ್ಕ್, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಆದರೆ ಅದೇ. ಬಿಸಿಲಿದ್ದಾಗ ಮೈ ತಂಪಾಗಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಅದೇ ವೇಗಕ್ಕೂ ಎದೆಬಡಿತ ಏರುತ್ತದೆ. ಹಾಗಾಗಿ ಡಿಸೆಂಬರ್ ಚಳಿಯ ಅಂಕಿಯನ್ನು ಏಪ್ರಿಲ್ ಸೆಕೆಯ ಅಂಕಿ ಜೊತೆ ಹೋಲಿಸಿ ಬೇಜಾರಾಗಬೇಡಿ.

ಸೈಕಲ್

ಪವರ್ ಮೀಟರ್ (ತುಳಿಯುವ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಸಾಧನ) ಅಥವಾ ಸ್ಮಾರ್ಟ್ ಟ್ರೈನರ್ (ಮನೆಯಲ್ಲೇ ಸೈಕಲ್ ಕೂರಿಸಿ ತುಳಿಯುವ ಯಂತ್ರ) ಇದ್ದರೆ 20 ನಿಮಿಷ ಸಮನಾಗಿ, ಶಕ್ತಿ ಮೀರಿ ತುಳಿದು, ಬಂದ ಸರಾಸರಿ ವ್ಯಾಟ್‌ನ ಶೇ 95ನ್ನು ಗುರುತು ಮಾಡಿಕೊಳ್ಳಿ. ಇಲ್ಲದಿದ್ದರೆ ನಂದಿ ಬೆಟ್ಟವೋ ಚಾಮುಂಡಿ ಬೆಟ್ಟವೋ ಹತ್ತಲು ಹಿಡಿಯುವ ಸಮಯ ಬರೆದಿಡಿ. ಏರು ಹಾದಿಯಲ್ಲಿ ಗಾಳಿಯ ಪ್ರಭಾವ ಕಡಿಮೆ, ಆದ್ದರಿಂದ ಆ ಸಮಯವನ್ನು ನಂಬಬಹುದು. ಆರೆಂಟು ವಾರಕ್ಕೊಮ್ಮೆ ಸಾಕು. ಉಳಿದ ದಿನ ಹಾಯಾಗಿ ತುಳಿಯಿರಿ.

ಜಿಮ್ ತಪ್ಪಿಸಬೇಡಿ

ವಾರಕ್ಕೆ ಎರಡು ದಿನ ಸ್ಕ್ವಾಟ್, ಲಂಜ್, ಡೆಡ್‌ಲಿಫ್ಟ್, ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ, ಭುಜಕ್ಕೆ ರಬ್ಬರ್ ಬ್ಯಾಂಡ್. ಹೃದಯ, ಶ್ವಾಸಕೋಶ ಬೇಗ ಸುಧಾರಿಸುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ದಮ್ಮು ಬಂತೆಂದು ಓಟ ಏಕಾಏಕಿ ಹೆಚ್ಚಿಸಿದವರಿಗೆ ಹಿಮ್ಮಡಿ ನೋವು ಬರುವುದು ಇದೇ ಕಾರಣಕ್ಕೆ. ಸೀಸನ್ ಶುರುವಾದ ಮೇಲೆ ಭಾರ ಎತ್ತಿ ಕಾಲು ನೋಯಿಸಿಕೊಳ್ಳಲು ಬಿಡುವಿರುವುದಿಲ್ಲ. ಈಗಲೇ ಮಾಡಬೇಕು. ಊಟದಲ್ಲಿ ಮೊಟ್ಟೆ, ಕಾಳು, ಮೊಸರು ಹೆಚ್ಚಿಸಿ. ತೂಕ ಇಳಿಸಲು ಹೊಟ್ಟೆ ಕಟ್ಟಿಕೊಂಡು ಅಭ್ಯಾಸ ಮಾಡುವುದಂತೂ ಬೇಡವೇ ಬೇಡ.

ಕಡಲಿಗೆ ಹೋಗಲು ಇದೇ ಕಾಲ

ಇದನ್ನು ಹೆಚ್ಚಿನವರು ಮರೆಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಕಡಲಿಗೆ ಇಳಿಯುವಂತಿಲ್ಲ. ಸ್ಪರ್ಧೆ ಇರುವುದು ಮಳೆಗಾಲ ಮುಗಿಯುತ್ತಿದ್ದಂತೆಯೇ. ಅಂದರೆ ಕಡಲ ಈಜು ಕಲಿಯಲು ಸಿಗುವ ಶಾಂತ ನೀರು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನದು ಮಾತ್ರ ಅಂತಲೇ ಇಟ್ಟುಕೊಳ್ಳಿ. ಒಂದೆರಡು ವಾರಾಂತ್ಯ ಸುರತ್ಕಲ್, ಮಲ್ಪೆ ಅಥವಾ ಕಾರವಾರದ ಕಡೆ ಹೋಗಿ. ಅಲ್ಲಿನ ನೀರು ಬಲ್ಲ ಈಜುಗಾರರು ಅಥವಾ ಜೀವರಕ್ಷಕರು ಇಲ್ಲದೆ ಇಳಿಯಬೇಡಿ. ಎದ್ದು ಕಾಣುವ ಬಣ್ಣದ ಟೋಪಿ, ಸೊಂಟಕ್ಕೆ ಕಟ್ಟುವ ತೇಲುಬುರುಡೆ ಇರಲಿ. ದಡಕ್ಕೆ ಸಮಾನಾಂತರವಾಗಿ ಈಜಿ. ಏಳೆಂಟು ಸಲ ಕೈ ಬೀಸಿದ ಮೇಲೆ ಕಣ್ಣು ಮಾತ್ರ ನೀರಿನಿಂದ ಮೇಲೆ ತಂದು ದಡದ ಒಂದು ಮರವನ್ನೋ ಕಟ್ಟಡವನ್ನೋ ಗುರಿ ನೋಡಿಕೊಳ್ಳಿ.

ಅಲ್ಲೇ ಇನ್ನೊಂದು ಕೆಲಸವೂ ಆಗುತ್ತದೆ. ಒಂದು ಗಂಟೆ ಓಡುವ ಮೊದಲು ಮತ್ತು ಆಮೇಲೆ, ಮೈ ಒರೆಸಿಕೊಂಡು ತೂಕ ನೋಡಿ. ಇಳಿದ ಪ್ರತಿ ಕಿಲೋಗೆ ಒಂದು ಲೀಟರ್‌ನಂತೆ ಲೆಕ್ಕ ಹಾಕಿ, ನಡುವೆ ಕುಡಿದ ನೀರನ್ನೂ ಸೇರಿಸಿ. ಕರಾವಳಿಯ ಸೆಕೆಯಲ್ಲಿ ಗಂಟೆಗೆ ನಿಮ್ಮ ಮೈ ಎಷ್ಟು ಬೆವರುತ್ತದೆ ಎಂಬುದು ಗೊತ್ತಾಗುತ್ತದೆ. ಬೆಂಗಳೂರಿನ ಚಳಿಯಲ್ಲಿ ಈ ಅಂಕಿ ಸಿಗುವುದಿಲ್ಲ. ಮೇ ತಿಂಗಳಿನಿಂದ ದೂರದ ಸೈಕಲ್ ಸವಾರಿ ಶುರು ಮಾಡುವಾಗ ಬಾಟಲಿಯಲ್ಲಿ ಎಷ್ಟು ನೀರು, ಎಷ್ಟು ಉಪ್ಪು ಇರಬೇಕು ಎಂದು ಲೆಕ್ಕ ಹಾಕಲು ಇದೇ ಅಂಕಿಯನ್ನು ಬಳಸಿ.