ಬ್ಯಾಂಕಿನ ಹೆಸರಿನಲ್ಲಿ ಬರುವ ನಕಲಿ ಇಮೇಲ್: ವಿಳಾಸ ಓದುವ ಬಗೆ

ಕಾಗುಣಿತದ ತಪ್ಪು ನೋಡಿ ನಕಲಿ ಇಮೇಲ್ ಗುರುತಿಸಬಹುದೆಂಬ ಹಳೆಯ ಸಲಹೆಯನ್ನು ಈಗ ನೆಚ್ಚಿಕೊಳ್ಳುವಂತಿಲ್ಲ. ಬ್ಯಾಂಕಿನ ಲಾಂಛನ, ಬಣ್ಣ, ಒಕ್ಕಣೆಗಳನ್ನು ಅಸಲಿ ಪತ್ರದಿಂದಲೇ ಎತ್ತಿಕೊಳ್ಳುವ ವಂಚಕರು ಭಾಷೆಯಲ್ಲಿಯೂ ಎಡವುವುದು ಕಡಿಮೆಯಾಗಿದೆ. ಕಳುಹಿಸಿದವರ ಜಾಗದಲ್ಲಿ ಕಾಣುವ ಹೆಸರನ್ನಂತೂ ಯಾರು ಬೇಕಾದರೂ ಇಷ್ಟ ಬಂದಂತೆ ಇಟ್ಟುಕೊಳ್ಳಬಹುದು. ಆದ್ದರಿಂದ ನೋಡಬೇಕಾದದ್ದು ಲಿಂಕ್ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು.

ಕಂಪ್ಯೂಟರಿನಲ್ಲಿ ಲಿಂಕನ್ನು ಕ್ಲಿಕ್ ಮಾಡದೆ ಅದರ ಮೇಲೆ ಮೌಸ್ ಇರಿಸಿದರೆ ಸಾಮಾನ್ಯವಾಗಿ ನಿಜವಾದ ವಿಳಾಸ ಕಾಣಿಸುತ್ತದೆ. ಆರಂಭದ ಜೋಡಿ ಓರೆಗೆರೆಗಳನ್ನು (//) ದಾಟಿ, ಮುಂದೆ ಸಿಗುವ ಮೊದಲ ಒಂಟಿ ಓರೆಗೆರೆಯ (/) ಬಳಿ ನಿಂತು, ಅಲ್ಲಿಂದ ಹಿಮ್ಮುಖವಾಗಿ ಓದಬೇಕು. 'ನಮ್ಮಬ್ಯಾಂಕ್ ಡಾಟ್ ಕಾಮ್ ಡಾಟ್ ಲಾಗಿನ್‌ಚೆಕ್ ಡಾಟ್ ನೆಟ್' ಎಂದಿದ್ದರೆ ಆ ತಾಣ ಲಾಗಿನ್‌ಚೆಕ್ ಡಾಟ್ ನೆಟ್ ಒಡೆಯರದು. ಮುಂದಿರುವ ಬ್ಯಾಂಕಿನ ಹೆಸರು ಅವರು ಅಂಟಿಸಿದ ಚೀಟಿಯಷ್ಟೆ. ಇಂಗ್ಲಿಷಿನ ಸಣ್ಣ ಆರ್ ಮತ್ತು ಎನ್ ಅಕ್ಕಪಕ್ಕ ಕುಳಿತರೆ ಎಂ ಅಕ್ಷರದಂತೆ ತೋರುತ್ತವೆ ಎಂಬುದೂ ನೆನಪಿರಲಿ. ಬೀಗದ ಚಿಹ್ನೆಯಿಂದ ಸಮಾಧಾನಪಡಬೇಡಿ: ಸಂಪರ್ಕ ಗೂಢಲಿಪಿಯಲ್ಲಿದೆ ಎಂದು ಅದು ಹೇಳುತ್ತದೆಯೇ ಹೊರತು ಆಚೆ ಬದಿಯಲ್ಲಿರುವವರು ಸಾಚಾ ಎಂದಲ್ಲ.

ಇಷ್ಟೆಲ್ಲ ಬರೆದರೂ, ನಾನು ಸ್ವತಃ ಈ ಪರೀಕ್ಷೆಯ ಗೋಜಿಗೆ ಹೋಗುವುದು ಅಪರೂಪ. ಇಮೇಲ್ ಅಸಲಿಯೋ ನಕಲಿಯೋ ಎಂದು ತೂಗುತ್ತ ಕೂರದೆ, ಅದನ್ನು ಮುಚ್ಚಿ, ಬ್ಯಾಂಕಿನ ಆ್ಯಪ್ ಅಥವಾ ಮೊದಲೇ ಬುಕ್‌ಮಾರ್ಕ್ ಮಾಡಿಟ್ಟ ವಿಳಾಸದ ಮೂಲಕ ಖಾತೆಗೆ ಹೋಗುತ್ತೇನೆ. ತುರ್ತು ಸೂಚನೆ ನಿಜವಾಗಿದ್ದರೆ ಅಲ್ಲಿಯೂ ಕಾಣುವ ಸಂಭವವೇ ಹೆಚ್ಚು, ಕಾಣದೆಯೂ ಅನುಮಾನ ಉಳಿದರೆ ಬ್ಯಾಂಕಿಗೆ ಕರೆ ಮಾಡಿ ಕೇಳಿದರಾಯಿತು. ಪಾಸ್‌ವರ್ಡ್‌ಗಳನ್ನು ಉಳಿಸಿಟ್ಟುಕೊಂಡು ತಾನೇ ತುಂಬುವ ಪಾಸ್‌ವರ್ಡ್ ಮ್ಯಾನೇಜರ್ ಇನ್ನೊಬ್ಬ ಕಾವಲುಗಾರ. ಉಳಿಸಿಟ್ಟ ವಿಳಾಸಕ್ಕೆ ಹೊಂದದ ತಾಣದಲ್ಲಿ ಅದು ಪಾಸ್‌ವರ್ಡ್ ತುಂಬುವುದಿಲ್ಲ. ಎಂದಿನಂತೆ ತುಂಬಲಿಲ್ಲವೆಂದರೆ ಕೈಯಾರೆ ಟೈಪ್ ಮಾಡದೆ ಅಲ್ಲಿಗೇ ನಿಲ್ಲಿಸಿ.

ಒಟಿಪಿ ಇದೆಯಲ್ಲ ಎಂಬ ಧೈರ್ಯ ಪೂರ್ತಿ ಸಲ್ಲದು. ನಕಲಿ ಪುಟದಲ್ಲಿ ನೀವು ತುಂಬಿದ ಒಟಿಪಿಯನ್ನು ವಂಚಕರು ಅದರ ಅವಧಿ ಮುಗಿಯುವುದರೊಳಗೆ ಅಸಲಿ ತಾಣದಲ್ಲಿ ಬಳಸಬಲ್ಲರು. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಮುಖ ಅಥವಾ ಪಿನ್ ಬಳಸಿ ಒಳಹೋಗುವ ಪಾಸ್‌ಕೀ ಅಸಲಿ ತಾಣದ ವಿಳಾಸಕ್ಕೇ ಕಟ್ಟುಬಿದ್ದಿರುವುದರಿಂದ, ಬ್ಯಾಂಕ್ ಆ ಸೌಲಭ್ಯ ಕೊಟ್ಟಿದ್ದರೆ ಅದನ್ನೇ ಆರಿಸಿಕೊಳ್ಳಿ.

ವಿವರಗಳನ್ನು ಈಗಾಗಲೇ ಕೊಟ್ಟುಬಿಟ್ಟಿದ್ದರೆ ನಾಚಿಕೆಯಿಂದ ಹೊತ್ತು ಕಳೆಯಬೇಡಿ. ಕಾರ್ಡಿನ ಹಿಂಬದಿಯಲ್ಲಿರುವ ಸಂಖ್ಯೆಗೆ ತಕ್ಷಣ ಕರೆ ಮಾಡಿ ಖಾತೆಯ ವ್ಯವಹಾರ ತಡೆಹಿಡಿಸಿ, ಪಾಸ್‌ವರ್ಡ್ ಬದಲಿಸಿ. ಅದೇ ಪಾಸ್‌ವರ್ಡ್ ಬೇರೆಡೆ ಇದ್ದರೆ ಅಲ್ಲಿಯೂ ಬದಲಿಸಿ. ಆ ಇಮೇಲನ್ನು ಅಳಿಸಬೇಡಿ, ತನಿಖೆಗೆ ಬೇಕಾಗುತ್ತದೆ. ಆಮೇಲೆ 'ಬ್ಯಾಂಕಿನ ವಂಚನೆ ತಡೆ ವಿಭಾಗದಿಂದ' ಎನ್ನುತ್ತ ಕರೆಯೊಂದು ಬಂದರೆ, ಅದನ್ನು ಕತ್ತರಿಸಿ ಮತ್ತೆ ಕಾರ್ಡಿನ ಸಂಖ್ಯೆಗೇ ಫೋನ್ ಮಾಡಿ.