ಮೊದಲು ರೀತ್ ಕಟ್ಟಿ, ಮರ ಆಮೇಲೆ ನೆಡಿ

"ಕ್ರಿಸ್‌ಮಸ್ ಮರ ಬೆಳೆಯಬೇಕು ಅಂತಿದ್ದೇವೆ, ಹೇಗೆ?" ಅಂತ ವರ್ಷಕ್ಕೆ ಮೂರ್ನಾಲ್ಕು ಜನ ನನ್ನನ್ನು ಕೇಳುತ್ತಾರೆ. ಹೆಚ್ಚಿನವರು ಶಾರ್ಲೆಟ್‌ನಲ್ಲಿ ಕೆಲಸದಲ್ಲಿರುವ ಕನ್ನಡದವರು. ಗುಡ್ಡದ ಮೇಲೆ ಒಂದಿಷ್ಟು ಜಾಗ ನೋಡಿಟ್ಟಿರುತ್ತಾರೆ. ನಾನು ತಿರುಗಿ ಕೇಳೋದು ಒಂದೇ ಮಾತು: ಎಂಟು ವರ್ಷ ಖರ್ಚಿಗೆ ಏನು ಮಾಡುತ್ತೀರಿ?

ನಮ್ಮದು ನಾರ್ತ್ ಕ್ಯಾರೊಲಿನಾದ ಆಶ್ ಕೌಂಟಿ. ನಾಲ್ಕು ಎಕರೆ ಇಳಿಜಾರು. ಇಲ್ಲಿ ಎಲ್ಲರೂ ಬೆಳೆಯೋದು ಫ್ರೇಸರ್ ಫರ್ ಅನ್ನುವ ಸೂಜಿಯೆಲೆಯ ಕ್ರಿಸ್‌ಮಸ್ ಮರ. 2021ರಲ್ಲಿ ಶ್ವೇತಭವನದ ಬ್ಲೂ ರೂಮಿನಲ್ಲಿ ನಿಲ್ಲಿಸಿದ ಮರ ನಮ್ಮ ಕೌಂಟಿಯದೇ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ನರ್ಸರಿಯಿಂದ ಬರುವ ಸಸಿಗೇ ನಾಲ್ಕೈದು ವರ್ಷ ಆಗಿರುತ್ತದೆ. ನೆಟ್ಟ ಮೇಲೆ ಆರೇಳು ಅಡಿ ಬೆಳೆಯಲು ಇನ್ನೂ ಏಳೆಂಟು ವರ್ಷ ಬೇಕು. ಅಷ್ಟು ವರ್ಷ ಕಳೆ, ಗೊಬ್ಬರ, ಕೂಲಿ ಎಲ್ಲ ಕೈಯಿಂದಲೇ ಹೋಗುತ್ತದೆ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವಳು, ಕಾಯೋದು ನನಗೆ ಹೊಸದಲ್ಲ. ಆದರೂ ಆರನೇ ವರ್ಷ ಧೈರ್ಯ ಹೋಗಿತ್ತು. ಆಗ ನಮ್ಮನ್ನು ಹಿಡಿದು ನಿಲ್ಲಿಸಿದ್ದು ರೀತ್, ಅಂದರೆ ಬಾಗಿಲಿಗೆ ತೂಗುಹಾಕುವ ದುಂಡನೆಯ ಹಸಿರು ಹಾರ. ಅದಕ್ಕೆ ಸ್ವಂತ ಮರವೇ ಬೇಕಾಗಿಲ್ಲ. ಮೊದಲ ಮೂರು ವರ್ಷ ನಾನು ಪಕ್ಕದ ತೋಟದಿಂದ ಫರ್ ಸೊಪ್ಪು ತಂದು ಕಟ್ಟಿದೆ. ಹಾಗಾಗಿ ನೀವೂ ಅಲ್ಲಿಂದಲೇ ಶುರು ಮಾಡಿ.

ಸೊಪ್ಪು ಕೊಯ್ಯಲು ಅವಸರ ಬೇಡ. ಮೊದಲ ವರ್ಷ ನಾನು ಅಕ್ಟೋಬರ್‌ನಲ್ಲೇ ಕೊಯ್ದು ನಲವತ್ತು ರೀತ್ ಕಟ್ಟಿಟ್ಟೆ. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಕೈಯಲ್ಲಿ ಎತ್ತಿದರೆ ಸೂಜಿಯೆಲೆ ಜೋಳ ಸುರಿದ ಹಾಗೆ ಸುರಿಯಿತು. ನಾಲ್ಕಾರು ರಾತ್ರಿ ಗಟ್ಟಿ ಹಿಮ ಬೀಳಬೇಕು. ಚಳಿ ತಿಂದ ಮೇಲೆಯೇ ಎಲೆ ಕಡ್ಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಾನು ಈಗ ನವೆಂಬರ್ ಎರಡನೇ ವಾರಕ್ಕೆ ಮೊದಲು ಕತ್ತರಿ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಮರ ಸವರುವಾಗ ಬಿದ್ದ ಸೊಪ್ಪೂ ಬೇಡ, ಅದು ನಿಲ್ಲುವುದಿಲ್ಲ.

ಕಟ್ಟಲು ಬೇಕಾದ್ದು 12 ಇಂಚಿನ ತಂತಿಯ ರಿಂಗ್, 22 ಗೇಜಿನ ಹಸಿರು ತಂತಿಯ ಉಂಡೆ, ಗಿಡ ಸವರುವ ಕತ್ತರಿ. ಅಷ್ಟೇ. ಆ ಅಳತೆಯ ರಿಂಗಿಗೆ ಕಟ್ಟಿ ಮುಗಿಸಿದಾಗ ರೀತ್ 22 ಇಂಚಿನ ಆಸುಪಾಸು ಬರುತ್ತದೆ, ಮನೆ ಬಾಗಿಲಿಗೆ ಸರಿಯಾದ ಅಳತೆ. ಸೊಪ್ಪನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ ಗುಡ್ಡೆ ಮಾಡಿಕೊಳ್ಳಿ. ನಾಲ್ಕು ಕಡ್ಡಿ ಸೇರಿಸಿ ಒಂದು ಹಿಡಿ. ಉದ್ದನೆಯದು ಹಿಂದೆ, ಗಿಡ್ಡದ್ದು ಮುಂದೆ. ಹಿಡಿಯನ್ನು ರಿಂಗಿನ ಮೇಲಿಟ್ಟು ಬುಡಕ್ಕೆ ಮೂರು ಸುತ್ತು ತಂತಿ ಸುತ್ತಿ, ಪ್ರತಿ ಸುತ್ತಿಗೂ ಎಳೆದು ಬಿಗಿಮಾಡಿ. ತಂತಿ ಕತ್ತರಿಸಬೇಡಿ. ಮುಂದಿನ ಹಿಡಿ ಹಿಂದಿನದರ ಬುಡವನ್ನು ಮುಚ್ಚುವ ಹಾಗೆ ಕೂರಬೇಕು. ಹೂವಿನ ದಂಡೆ ಕಟ್ಟಿ ಗೊತ್ತಿದ್ದವರಿಗೆ ಇದನ್ನು ಹೇಳಿಕೊಡುವುದೇ ಬೇಡ. ಬಾಳೆನಾರಿನ ಬದಲು ತಂತಿ, ಸೇವಂತಿಗೆ ಬದಲು ಫರ್.

ಎಡವಟ್ಟಾಗೋದು ಕೊನೆಯ ಹಿಡಿಯಲ್ಲಿ. ಸುತ್ತು ಮುಗಿಯುವ ಹೊತ್ತಿಗೆ ಜಾಗ ಇಕ್ಕಟ್ಟಾಗುತ್ತದೆ. ಅಲ್ಲೊಂದು ಚಿಕ್ಕ ಹಿಡಿ ತುರುಕಿ ಮುಗಿಸಿದರೆ ಆ ಕಡೆ ಸೊಟ್ಟ ಕಾಣುತ್ತದೆ. ಮೊದಲನೇ ಹಿಡಿಯನ್ನು ಎಡಗೈಯಿಂದ ಮೇಲಕ್ಕೆ ಮಡಿಚಿ ಹಿಡಿದು, ಕೊನೆಯದರ ಬುಡವನ್ನು ಅದರ ಅಡಿಗೆ ತಳ್ಳಿ ಕಟ್ಟಬೇಕು. ಆಮೇಲೆ ಗೋಡೆಗೆ ತೂಗುಹಾಕಿ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಶುರು ಎಲ್ಲಿ ಅಂತ ನಿಮಗೇ ಗೊತ್ತಾಗಬಾರದು. ಫ್ರೇಸರ್ ಎಲೆಯ ಅಡಿಭಾಗ ಬೆಳ್ಳಿಯ ಹಾಗಿರುತ್ತದೆ, ಅಲ್ಲಲ್ಲಿ ಒಂದು ಕಡ್ಡಿ ಮಗುಚಿ ಕಟ್ಟಿದರೆ ಬೇರೆಯೇ ಕಳೆ ಬರುತ್ತದೆ.

ಅಂಟು ಮಾತ್ರ ಕೈ ಬಿಡುವುದಿಲ್ಲ. ಸೋಪಿಗೆ ಹೋಗಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪು ಹಾಕಿ.

ಕಟ್ಟಿದ್ದನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ಇಡಬೇಡಿ. ಹೊರಗೆ, ನೆರಳಲ್ಲಿ, ಗಾಳಿ ಹೊಡೆಯದ ಕಡೆ ಇಟ್ಟು ನೀರು ಚಿಮುಕಿಸಿ. ಮೊದಮೊದಲು ನನಗೆ ಒಂದಕ್ಕೆ ಐವತ್ತು ನಿಮಿಷ ಹಿಡಿಯುತ್ತಿತ್ತು, ಈಗ ಇಪ್ಪತ್ತು. ರಿಂಗು, ತಂತಿ, ರಿಬ್ಬನ್ ಸೇರಿ ಐದು ಡಾಲರ್ ಒಳಗೆ ಬೀಳುತ್ತದೆ, ನಾನು 35ಕ್ಕೆ ಕೊಡುತ್ತೇನೆ. ಚೌಕಾಶಿಗೆ ನಿಂತವರಿಗೆ ಒಂದು ಹಿಡಿ ಕೈಗೆ ಕೊಟ್ಟು ಕಟ್ಟಿ ನೋಡಿ ಅನ್ನುತ್ತೇನೆ.

ಈಗ ಮರದ ವಿಷಯ. ನಾವು ಐದಡಿಗೊಂದು ಸಸಿ ಇಟ್ಟಿದ್ದೇವೆ. ಆ ಲೆಕ್ಕದಲ್ಲಿ ಎಕರೆಗೆ ಸುಮಾರು 1,740 ಹಿಡಿಸುತ್ತದೆ, ಓಡಾಡುವ ದಾರಿ ಬಿಟ್ಟರೆ ಕಡಿಮೆ. ಫ್ರೇಸರ್‌ಗೆ ಎತ್ತರದ ತಂಪು ಜಾಗ ಬೇಕು, 3,000 ಅಡಿಗಿಂತ ಮೇಲಿದ್ದರೆ ಒಳ್ಳೆಯದು. ಮಣ್ಣು ಸ್ವಲ್ಪ ಹುಳಿ ಇರಬೇಕು, ಪಿಎಚ್ 5.5ರ ಹತ್ತಿರ. ಇದನ್ನೆಲ್ಲ ಮಣ್ಣು ಪರೀಕ್ಷೆ ಹೇಳುತ್ತದೆ, ಬೇಕಾದರೆ ಸರಿಮಾಡಬಹುದು. ನೀರು ನಿಲ್ಲುವ ಜಾಗವನ್ನು ಮಾತ್ರ ಯಾರೂ ಸರಿಮಾಡಲಾರರು.

ಇದು ನಾನು ದುಡ್ಡು ಕೊಟ್ಟು ಕಲಿತದ್ದು. ಹೊಳೆ ಪಕ್ಕದ ತಗ್ಗಿನಲ್ಲಿ ಮಣ್ಣು ಕಪ್ಪಗೆ, ಮೆತ್ತಗೆ ಇತ್ತು. ಆಸೆಯಾಗಿ 300 ಸಸಿ ಇಟ್ಟೆ. ಎರಡನೇ ಬೇಸಿಗೆಗೆ ಒಂದೊಂದೇ ಹಳದಿಯಾಗಿ, ಕೆಂಪಾಗಿ ಒಣಗಿದವು. ಪಕ್ಕದ ತೋಟದ ಅಜ್ಜ ಬಂದು ಒಂದನ್ನು ಕಿತ್ತು, ಬುಡದ ತೊಗಟೆಯನ್ನು ಚಾಕುವಿನಿಂದ ಕೆರೆದು ತೋರಿಸಿದರು. ಒಳಗೆ ಬೆಳ್ಳಗಿರಬೇಕಾದ್ದು ದಾಲ್ಚಿನ್ನಿ ಬಣ್ಣಕ್ಕೆ ತಿರುಗಿತ್ತು. ಬೇರುಕೊಳೆ. ಹೆಸರು ಫೈಟೋಫ್ತೊರಾ ಅಂದರು. ಆ ಹೆಸರು ನಾನು ಎಲ್ಲೋ ಕೇಳಿದ್ದೇನಲ್ಲ ಅಂತ ರಾತ್ರಿ ಊರಿಗೆ ಫೋನ್ ಮಾಡಿದೆ. ಅಮ್ಮ ಅಂದಳು, "ಎಂಥದೇ ಅದು, ನಮ್ಮ ಅಡಿಕೆ ಕೊಳೆ ಅಲ್ಲಿಗೂ ಬಂತಾ?" ಹೌದು, ಅದೇ ಕುಲದ್ದು. ಊರಲ್ಲಾದರೆ ಮೈಲುತುತ್ತ, ಸುಣ್ಣ ಕಲಸಿ ಅಡಿಕೆ ಗೊನೆಗೆ ಹೊಡೆದು ಫಸಲು ಉಳಿಸಿಕೊಳ್ಳುತ್ತಾರೆ. ಇಲ್ಲಿ ರೋಗ ಮಣ್ಣಿನೊಳಗೆ ಕೂತಿರುತ್ತದೆ, ಹತ್ತಿದ ಮರ ಉಳಿಸುವ ಮದ್ದಿಲ್ಲ. ಹರಿಯುವ ನೀರಿನಲ್ಲಿ, ಬೂಟಿನ ಕೆಸರಿನಲ್ಲಿ ಹಬ್ಬುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದ ನೀರು ಗುಡ್ಡ ಇಳಿದು ಬಂದಾಗ ನನಗೆ ಮುರಿದ ದಾರಿಗಿಂತ ಇದರದ್ದೇ ಹೆದರಿಕೆ ಜಾಸ್ತಿ ಇತ್ತು.

ಹಾಗಾಗಿ ಜಾಗ ಕೊಳ್ಳುವ ಮೊದಲು ಜೋರು ಮಳೆಯ ಮಾರನೇ ದಿನ ಹೋಗಿ ನೋಡಿ. ಕಾಲಿಟ್ಟ ಕಡೆ ನೀರು ಒಸರಿದರೆ ಅಲ್ಲಿ ಫ್ರೇಸರ್ ಬೇಡ. ನನ್ನ ತಗ್ಗಿನಲ್ಲಿ ಈಗ ವೈಟ್ ಪೈನ್ ಇದೆ. ಅದು ಈ ರೋಗಕ್ಕೆ ಬಗ್ಗಲಿಲ್ಲ. ಅದರ ಉದ್ದನೆಯ ಮೆತ್ತಗಿನ ಎಲೆಯನ್ನು ರೀತ್‌ಗೆ ಬೆರೆಸುತ್ತೇನೆ, ಗಿರಾಕಿಗಳಿಗೆ ಬಲು ಇಷ್ಟ.

ಸಸಿ ನೆಡೋದು ವಸಂತದಲ್ಲಿ, ಮಾರ್ಚ್-ಏಪ್ರಿಲ್. ನರ್ಸರಿಗೆ ಒಂದು ವರ್ಷ ಮುಂಚೆಯೇ ಹೇಳಿಡಿ. ಸಾಲಿನ ನಡುವೆ ಬಿಳಿ ಕ್ಲೋವರ್ ಹುಲ್ಲು ಬಿಟ್ಟರೆ ಮಣ್ಣು ಕೊಚ್ಚಿ ಹೋಗಲ್ಲ. ಮರ ಸ್ವಲ್ಪ ದೊಡ್ಡದಾದ ಮೇಲೆ ತುದಿಯಲ್ಲಿ ಕಾಯಿ ಬಿಡುತ್ತದೆ. ಎಳೆಯದಿದ್ದಾಗಲೇ ಕೈಯಿಂದ ಮುರಿದು ಹಾಕಬೇಕು, ಇಲ್ಲದಿದ್ದರೆ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ. ಜುಲೈನಿಂದ ಸವರುವ ಕೆಲಸ. ನೆತ್ತಿಯ ಚಿಗುರನ್ನು ಹನ್ನೆರಡು ಇಂಚಿಗೆ, ಒಂದು ಗಟ್ಟಿ ಮೊಗ್ಗಿನ ಸ್ವಲ್ಪ ಮೇಲೆ ಕತ್ತರಿಸಿ. ಪಕ್ಕದ ಕೊಂಬೆಗಳನ್ನು ಉದ್ದ ಕತ್ತಿಯಿಂದ ಮೇಲಿನಿಂದ ಕೆಳಗೆ ಬೀಸಬೇಕು. ಕಾಲಿಗೆ ಕವಚ ಹಾಕದೆ ಆ ಕತ್ತಿ ಮುಟ್ಟಬೇಡಿ. ನನ್ನ ಯಜಮಾನರ ಮೊಣಕಾಲ ಕೆಳಗಿನ ಏಳು ಹೊಲಿಗೆಯ ಗುರುತನ್ನು ಬೇಕಾದರೆ ತೋರಿಸುತ್ತೇನೆ.

ಮಾರಾಟ ಅಂದರೆ ಥ್ಯಾಂಕ್ಸ್‌ಗಿವಿಂಗ್ ಮರುದಿನದಿಂದ ಮೂರು ವಾರಾಂತ್ಯ, ಅಷ್ಟೇ. ಜನ ಬಂದು ತಾವೇ ಆರಿಸಿ, ಗರಗಸ ಹಿಡಿದು ಕೊಯ್ದುಕೊಳ್ಳುತ್ತಾರೆ. ನಾವು ಬಲೆ ಸುತ್ತಿ ಕಾರಿನ ಮೇಲೆ ಕಟ್ಟಿಕೊಡುತ್ತೇವೆ. ಹೋಗುವಾಗ ಪ್ರತಿಯೊಬ್ಬರಿಗೂ ಹೇಳಿ: ಮನೆಗೆ ಹೋಗಿ ಬುಡವನ್ನು ಇನ್ನೊಂದು ಇಂಚು ಕೊಯ್ಯಿರಿ, ತಕ್ಷಣ ನೀರಿಗಿಡಿ. ಬುಡ ನಾಲ್ಕು ಇಂಚು ದಪ್ಪ ಇದ್ದರೆ ದಿನಕ್ಕೆ ನಾಲ್ಕು ಲೀಟರ್‌ವರೆಗೂ ಕುಡಿಯುತ್ತದೆ. ಇದನ್ನು ಹೇಳದೆ ಬಿಟ್ಟರೆ ಹತ್ತನೇ ದಿನ ನಿಮಗೇ ಫೋನ್ ಬರುತ್ತದೆ.

ಹೋದ ಡಿಸೆಂಬರ್‌ನಲ್ಲಿ ಶಾರ್ಲೆಟ್‌ನ ಒಬ್ಬ ಅತ್ತೆಮ್ಮ ರೀತನ್ನು ತಿರುಗಿಸಿ ಮುರುಗಿಸಿ ನೋಡಿ, "ದುಂಡಗಿನದು ಬೇಡ ಕಣಮ್ಮ, ಬಾಗಿಲ ಮೇಲೆ ತೋರಣದ ಹಾಗೆ ಕಟ್ಟಿಕೊಡ್ತೀಯಾ?" ಅಂದರು. ಹಗ್ಗಕ್ಕೆ ಅದೇ ಹಿಡಿಗಳನ್ನು ಸಾಲಾಗಿ ಕಟ್ಟಿ ಕೊಟ್ಟೆ. ಪಕ್ಕದಲ್ಲಿ ನಿಂತಿದ್ದ ಇಬ್ಬರು ಅಮೆರಿಕದವರು ತಮಗೂ ಬೇಕು ಅಂದರು. ಈ ಸಲ ಅಡಿ ಲೆಕ್ಕದಲ್ಲಿ ಮಾರಲು ಹಗ್ಗದ ಒಂದು ದೊಡ್ಡ ಉರುಳೆಯನ್ನೇ ತರಿಸಿಟ್ಟಿದ್ದೇನೆ.