25 ಮೀಟರ್ ಜಾಗದಲ್ಲೇ ಸ್ಕೋಪ್ ಝೀರೋ ಮಾಡುವುದು ಹೇಗೆ?

ರೈಫಲಿನ ಸ್ಕೋಪ್ (ಗುರಿ ನೋಡುವ ದುರ್ಬೀನು) ಝೀರೋ ಮಾಡುವುದು ಅಂದರೆ, ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವಂತೆ ಅದನ್ನು ಹೊಂದಿಸುವುದು. ಇದಕ್ಕೆ ಉದ್ದನೆಯ ರೇಂಜ್ (ಗುಂಡು ಹೊಡೆಯುವ ಜಾಗ) ಎಲ್ಲರಿಗೂ ಸಿಗುವುದಿಲ್ಲ. 25 ಮೀಟರ್ ಸಿಕ್ಕರೂ ಸಾಕು, ಸ್ಕೋಪನ್ನು 100 ಮೀಟರಿಗೆ ಬಹುಮಟ್ಟಿಗೆ ಸರಿಹೊಂದಿಸಬಹುದು. ಆದರೆ 25 ಮೀಟರಿನಲ್ಲಿ ಗುಂಡು ನಡುಮಧ್ಯಕ್ಕೆ ಬಿದ್ದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ.

ಸ್ಕೋಪ್ ಇರುವುದು ನಳಿಗೆಗಿಂತ 4–5 ಸೆಂಟಿಮೀಟರ್ ಮೇಲೆ, ಅಲ್ವಾ? ಹಾಗಾಗಿ ಗುಂಡು ನಮ್ಮ ನೋಟದ ಗೆರೆಯ ಕೆಳಗಿನಿಂದ ಹೊರಟು, ನಿಧಾನಕ್ಕೆ ಮೇಲೇರಿ ಅದನ್ನು ಸೇರಬೇಕು. .308 ಅಳತೆಯಂಥ ವೇಗದ ರೈಫಲ್ ಗುಂಡು 100 ಮೀಟರಿನಲ್ಲಿ ನಡುವಿಗೆ ಬೀಳಬೇಕಾದರೆ, 25 ಮೀಟರಿನಲ್ಲಿ ಸುಮಾರು ಒಂದೂವರೆ–ಎರಡು ಸೆಂಟಿಮೀಟರ್ ಕೆಳಗೇ ಬೀಳಬೇಕು. ನಿಧಾನದ ಚಿಕ್ಕ ಗುಂಡಾದ .22 ಎಲ್‌ಆರ್ (ಲಾಂಗ್ ರೈಫಲ್) ಲೆಕ್ಕ ಉಲ್ಟಾ: 50 ಮೀಟರಿನ ಝೀರೋ ಬೇಕಿದ್ದರೆ 25ರಲ್ಲಿ ಸುಮಾರು 1 ಸೆಂಟಿಮೀಟರ್ ಮೇಲೆ. ಸುಮ್ನೆ ಅಂದಾಜು ಬೇಡ, ನಿಮ್ಮ ಗುಂಡಿನ ವೇಗ, ಸ್ಕೋಪಿನ ಎತ್ತರ ಎರಡನ್ನೂ ಬ್ಯಾಲಿಸ್ಟಿಕ್ ಕ್ಯಾಲ್ಕುಲೇಟರಿಗೆ (ಗುಂಡಿನ ಹಾದಿಯ ಲೆಕ್ಕ ಕೊಡುವ ಸಾಧನ) ಹಾಕಿ ಲೆಕ್ಕ ತೆಗೆದು, ಗುಂಡು ಬೀಳಬೇಕಾದ ಜಾಗಕ್ಕೆ ಟಾರ್ಗೆಟ್ ಮೇಲೆ ಒಂದು ಗುರುತು ಹಾಕಿ.

ಮೊದಲು ರೈಫಲ್ ಖಾಲಿ ಇದೆಯೇ ಅಂತ ಎರಡು ಸಲ ನೋಡಿ. ಹಿಂದೆ ಗುಂಡು ತಡೆಯುವ ದಿಬ್ಬ ಇರಲೇಬೇಕು. ಸ್ಕೋಪಿನ ಸ್ಕ್ರೂಗಳು ಬಿಗಿಯಾಗಿವೆಯೇ ನೋಡಿಕೊಳ್ಳಿ. ಬೋಲ್ಟ್ ರೈಫಲ್ ಆದರೆ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ, ಕೈಯಿಂದ ಎಳೆಯುವ ಭಾಗ) ತೆಗೆದು ನಳಿಗೆಯೊಳಗಿಂದ ಟಾರ್ಗೆಟ್ ನೋಡಿ, ರೈಫಲ್ ಅಲುಗದಂತೆ ಕ್ರಾಸ್‌ಹೇರನ್ನು (ಸ್ಕೋಪಿನೊಳಗೆ ಕಾಣುವ ಅಡ್ಡ–ಉದ್ದ ಗೆರೆ) ಅಲ್ಲಿಗೇ ತನ್ನಿ.

ಈಗ ಮರಳಿನ ಚೀಲದ ಮೇಲೆ ರೈಫಲ್ ಇಟ್ಟು, ಮುಂದೆ ಬಳಸುವ ಗುಂಡಿನಲ್ಲೇ ಮೂರು ಹೊಡೆಯಿರಿ. ಒಂದೇ ತೂತು ನೋಡಿ ಟರೆಟ್ (ಸ್ಕೋಪ್ ಹೊಂದಿಸುವ ತಿರುಗಣೆ) ತಿರುಗಿಸಬೇಡಿ, ಮೂರರ ನಡುಬಿಂದುವಿನಿಂದ ಅಳೆಯಿರಿ. ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ 60ರಲ್ಲೊಂದು ಭಾಗ) ಸ್ಕೋಪಿನಲ್ಲಿ ಟರೆಟಿನ ಒಂದು ಕ್ಲಿಕ್ ಅಂದರೆ 100 ಮೀಟರಿನಲ್ಲಿ ಸುಮಾರು 7 ಮಿಲಿಮೀಟರ್. 25ರಲ್ಲಿ 2 ಮಿಲಿಮೀಟರೂ ಇಲ್ಲ, ಹಾಗಾಗಿ ನಾಲ್ಕು ಪಟ್ಟು ಕ್ಲಿಕ್ ಬೇಕು. ಅಷ್ಟೊಂದು ತಿರುಗಿಸಬೇಕಾ ಅಂತ ಹೆದರಬೇಡಿ. ಎಡ–ಬಲವನ್ನು ಗಾಳಿಯಿಲ್ಲದಾಗ ಸರಿಯಾಗಿ ನಡುವಿಗೇ ತನ್ನಿ, ಮೇಲೆ–ಕೆಳಗಿನದನ್ನು ಗುರುತಿಗೆ ತನ್ನಿ. ಮತ್ತೆ ಮೂರು ಹೊಡೆದು ನೋಡಿ.

ಚಿಕ್ಕ ತಪ್ಪು ಇಲ್ಲಿ ದೊಡ್ಡದಾಗುತ್ತದೆ. 25ರಲ್ಲಿ 5 ಮಿಲಿಮೀಟರ್ ಆಚೀಚೆ ಆದರೆ 100ರಲ್ಲಿ 2 ಸೆಂಟಿಮೀಟರ್. ಅದಕ್ಕೇ ಗುರಿಯ ಚುಕ್ಕೆ ಚಿಕ್ಕದಿರಲಿ. ಇನ್ನೊಂದು ತೊಂದರೆ ಪ್ಯಾರಲಾಕ್ಸ್. ಎಷ್ಟೋ ಸ್ಕೋಪುಗಳನ್ನು 100ರ ಆಸುಪಾಸಿಗೆ ಹೊಂದಿಸಿರುತ್ತಾರೆ, ಹತ್ತಿರದಲ್ಲಿ ಕಣ್ಣು ಸ್ವಲ್ಪ ಸರಿದರೂ ಕ್ರಾಸ್‌ಹೇರ್ ಟಾರ್ಗೆಟ್ ಮೇಲೆ ತೇಲಿದಂತೆ ಕಾಣುತ್ತದೆ. ಪ್ಯಾರಲಾಕ್ಸ್ ಸರಿಪಡಿಸುವ ತಿರುಗಣೆ ಇದ್ದರೆ ಬಳಸಿ. ಇಲ್ಲದಿದ್ದರೆ ಪ್ರತಿ ಸಲ ಕೆನ್ನೆ ಒಂದೇ ಕಡೆ ಒರಗಿಸಿ.

100 ಮೀಟರ್ ಸಿಕ್ಕ ದಿನ ಮತ್ತೆ ಮೂರು ಗುಂಡು ಹೊಡೆದು ಖಚಿತ ಮಾಡಿಕೊಳ್ಳಿ. ಲೆಕ್ಕ ಸರಿಯಿದ್ದರೆ ಅಲ್ಲಿ ಕೆಲವೇ ಕ್ಲಿಕ್ ಉಳಿದಿರುತ್ತವೆ.